ಪಾಯಗಾ ಸೀಮೆಯ ಬಂಗಾರದ ಕುರ್ಚಿ

1869ರ ಫೆಬ್ರವರಿ 26ರಂದು ಹೈದರಾಬಾದಿನ ನಿಜಾಮ ಅಫ್ಜಲ್-ಉದ್-ದೌಲಾ ತೀರಿಕೊಂಡರು. ಗಾದಿಗೆ ಬರಬೇಕಾದ ಮಗ ಮಹಬೂಬ್ ಅಲಿ ಖಾನರಿಗೆ ಆಗ ಎರಡೂವರೆ ವರ್ಷ. ಕೂಸಿಗೆ ಪಟ್ಟ ಕಟ್ಟುವ ದರ್ಬಾರಿಗೆ ಸಿದ್ಧತೆ ನಡೆದಾಗ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ರೆಸಿಡೆಂಟ್ ಸಾಂಡರ್ಸ್ ಹಟ ಹಿಡಿದು ಕೂತರು. ಇನ್ನು ಮುಂದೆ ತಾವಾಗಲಿ ತಮ್ಮ ಅಧಿಕಾರಿಗಳಾಗಲಿ ದರ್ಬಾರಿನಲ್ಲಿ ಬೂಟು ಕಳಚುವುದಿಲ್ಲ, ನೆಲದ ಮೇಲೆ ಕೂಡುವುದಿಲ್ಲ, ತಮಗೆ ಕುರ್ಚಿ ಬೇಕು ಎಂದರು. ಅದುವರೆಗೆ ಹೈದರಾಬಾದಿಗೆ ಬಂದ ರೆಸಿಡೆಂಟರೆಲ್ಲ ಬೂಟು ಹೊರಗಿಟ್ಟು, ಹಾಸಿದ ಬಿಳಿ ಬಟ್ಟೆಯ ಮೇಲೆ ಕಾಲು ಮಡಚಿ ಕೂತವರೇ. ಬಿಗಿ ಪ್ಯಾಂಟು ತೊಟ್ಟ ಸಾಹೇಬರಿಗೆ ಅದು ಮೈಗೆ ನೋವು, ಮನಸ್ಸಿಗೆ ಅದಕ್ಕಿಂತ ದೊಡ್ಡ ನೋವು. 1857ರ ದಂಗೆ ನಡೆದು ಹನ್ನೆರಡು ವರ್ಷವಾಗಿತ್ತು. ಸಾಹೇಬರು ಕೇಳಿದ್ದನ್ನು ಇಲ್ಲವೆನ್ನುವ ಬಲ ದರ್ಬಾರಿಗೆ ಉಳಿದಿರಲಿಲ್ಲ. ಕುರ್ಚಿ ಬಂತು.

ಹಾಗೆಂದು ಅದಕ್ಕೆ ಮೊದಲು ಹೈದರಾಬಾದಿನ ನವಾಬರ ದೇವಡಿಗಳಲ್ಲಿ, ಅಂದರೆ ಅವರ ಮಹಲುಗಳಲ್ಲಿ, ಯುರೋಪಿನ ಸಾಮಾನು ಇರಲೇ ಇಲ್ಲ ಎನ್ನುವಂತಿಲ್ಲ. ಗಾಜಿನ ದೀಪದ ಗೊಂಚಲು, ನಿಲುವುಗನ್ನಡಿ, ಗಡಿಯಾರ ಎಲ್ಲ ಬಂದಾಗಿತ್ತು. ಆದರೆ ಅವು ನೋಡುವ ವಸ್ತುಗಳಾಗಿದ್ದವು. ಮನೆಯ ಯಜಮಾನ ಕೂಡುತ್ತಿದ್ದದ್ದು ಮಸನದು ಎಂಬ ಗಾದಿಯ ಮೇಲೆ, ಬೆನ್ನಿಗೆ ಲೋಡು ಕೊಟ್ಟು. ಅವನೆದುರು ಕೂಡುವವರ ದೂರ ಹತ್ತಿರವನ್ನು ನೋಡಿದರೆ ಯಾರ ಮಾನ ಎಷ್ಟು ಎಂದು ತಿಳಿಯುತ್ತಿತ್ತು. 1869ರ ಬಳಿಕ ಆ ಲೆಕ್ಕ ಕುರ್ಚಿಗೆ ವರ್ಗವಾಯಿತು. ಯಾರಿಗೆ ಕೈಯಿರುವ ಕುರ್ಚಿ, ಯಾರಿಗೆ ಕೈಯಿಲ್ಲದ್ದು, ಯಾರ ಕುರ್ಚಿಗೆ ಬಂಗಾರ, ಯಾರದ್ದಕ್ಕೆ ಬರೀ ಪಾಲಿಶ್. ಬ್ರಿಟಿಷ್ ಇಂಡಿಯಾದ ಉತ್ತರ ಪ್ರಾಂತಗಳಲ್ಲಂತೂ ಜಿಲ್ಲಾಧಿಕಾರಿಯ ಮುಂದೆ ಕುರ್ಚಿಯಲ್ಲಿ ಕೂಡುವ ಹಕ್ಕಿಗೆ 'ಕುರ್ಸಿ ನಶೀನ್' ಎಂಬ ಪ್ರಮಾಣಪತ್ರವನ್ನೇ ಕೊಡುತ್ತಿದ್ದರು.

ಅದೇ 1869ರ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಯುರೋಪಿನ ಹಡಗುಗಳು ಆಫ್ರಿಕಾ ಸುತ್ತುವುದು ಬಿಟ್ಟು ನೇರ ಮುಂಬಯಿಗೆ ಬರತೊಡಗಿದವು. ಕುರ್ಚಿ ಬೇಕೆಂಬ ಹಂಬಲವೂ ಅದನ್ನು ತರುವ ದಾರಿಯೂ ಒಂದೇ ವರ್ಷ ತೆರೆದವು. ಪ್ಯಾರಿಸಿನ ಅರಮನೆಗಳಿಗೆಂದು ಹದಿನೆಂಟನೆಯ ಶತಮಾನದಲ್ಲಿ ಹುಟ್ಟಿದ, ಕೆತ್ತನೆ ಮಾಡಿ ಬಂಗಾರದ ಹಾಳೆ ಹೊದಿಸಿದ ರೊಕೊಕೊ ಶೈಲಿಯ ಕೈಕುರ್ಚಿ ದಖನ್ನಿಗೆ ಬಂದದ್ದು ಹೀಗೆ. ಅದನ್ನು ತರಿಸಿದ ನವಾಬರ ಹೆಸರು ಇತಿಹಾಸದಲ್ಲಿದೆ, ಮೊದಲು ಮಾಡಿದ ಫ್ರೆಂಚ್ ಬಡಗಿಗಳ ಹೆಸರೂ ಇದೆ. ಆ ಕುರ್ಚಿಗೆ ಹಣ ಕೊಟ್ಟವರ ಹೆಸರು ಮಾತ್ರ ಎಲ್ಲೂ ಬರುವುದಿಲ್ಲ. ಕಲಬುರಗಿ ಕಡೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜೋಳದ ಹೊಲಗಳಿಂದ ಈ ಕಥೆಯನ್ನು ಹೇಳಬೇಕು ಎನ್ನಿಸುವುದು ಅದಕ್ಕೇ.

ನಿಜಾಮರ ರಾಜ್ಯದಲ್ಲಿ ಜಮೀನು ಮೂರು ಬಗೆ: ಸರ್ಕಾರದ ದಿವಾನಿ ಜಮೀನು, ನಿಜಾಮರ ಸ್ವಂತದ ಸರ್ಫ್-ಎ-ಖಾಸ್, ಉಳಿದದ್ದು ಜಾಗೀರು. ಜಾಗೀರುಗಳಲ್ಲೆಲ್ಲ ದೊಡ್ಡದು ಪಾಯಗಾ. ಹದಿನೆಂಟನೆಯ ಶತಮಾನದಲ್ಲಿ ಅಬುಲ್ ಫತೆಹ್ ಖಾನ್ ತೇಗ್ ಜಂಗ್ ಎಂಬ ಸರದಾರರು ನಿಜಾಮರಿಗಾಗಿ ಕುದುರೆ ದಂಡು ಸಾಕುವ ಹೊಣೆ ಹೊತ್ತರು. ದಂಡಿನ ಖರ್ಚಿಗೆಂದು ಬಿಟ್ಟುಕೊಟ್ಟ ಹಳ್ಳಿಗಳೇ ಪಾಯಗಾ. ಈ ಮನೆತನಕ್ಕೆ ಶಮ್ಸ್-ಉಲ್-ಉಮ್ರಾ ಎಂಬ ಬಿರುದು ಬಂತು, ನಿಜಾಮರ ಮನೆಯ ಹೆಣ್ಣುಮಕ್ಕಳು ಸೊಸೆಯರಾಗಿ ಬಂದರು. ಕಾಲ ಕಳೆದಂತೆ ಕುದುರೆ ದಂಡು ಹೆಸರಿಗಷ್ಟೇ ಉಳಿಯಿತು, ಹಳ್ಳಿಗಳು ಮಾತ್ರ ಹಾಗೇ ಉಳಿದವು. ಸಾವಿರಕ್ಕೂ ಹೆಚ್ಚು ಹಳ್ಳಿಗಳು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪಾಯಗಾ ಮೂರು ಪಾಲಾಗಿತ್ತು: ಆಸ್ಮಾನ್ ಜಾಹಿ, ಖುರ್ಷಿದ್ ಜಾಹಿ, ವಿಕಾರ್-ಉಲ್-ಉಮ್ರಾಹಿ. ನಮ್ಮ ಆಳಂದ ಮತ್ತು ಅಫಜಲಪುರ ಪಾಯಗಾ ತಾಲ್ಲೂಕುಗಳು. ಜೇವರ್ಗಿ ಕಡೆ ಸರ್ಕಾರಿ ಹಳ್ಳಿಯ ಪಕ್ಕದಲ್ಲೇ ಜಾಗೀರಿನ ಹಳ್ಳಿ ಇರುತ್ತಿತ್ತು. ಒಂದೇ ಬದುವಿನ ಈ ಕಡೆಯ ರೈತ ಒಬ್ಬರಿಗೆ ಕಂದಾಯ ಕಟ್ಟಿದರೆ ಆ ಕಡೆಯವನು ಇನ್ನೊಬ್ಬರಿಗೆ ಕಟ್ಟುತ್ತಿದ್ದ.

1869ರ ದರ್ಬಾರಿಗೆ ಮತ್ತೆ ಬರೋಣ. ಬಾಲಕ ನಿಜಾಮರ ಪರವಾಗಿ ರಾಜ್ಯ ನೋಡಿಕೊಳ್ಳಲು ಇಬ್ಬರನ್ನು ನೇಮಿಸಿದರು. ಒಬ್ಬರು ದಿವಾನ ಸಾಲಾರ್ ಜಂಗ್. ಇನ್ನೊಬ್ಬರು ಪಾಯಗಾದ ಹಿರಿಯರಾದ ಅಮೀರ್-ಎ-ಕಬೀರ್. ರೆಸಿಡೆಂಟರ ಕುರ್ಚಿಯ ಹಟಕ್ಕೆ ಮಣಿದ ಆಡಳಿತದಲ್ಲಿ ನಮ್ಮ ಸೀಮೆಯ ಒಡೆಯರೂ ಇದ್ದರು ಎಂದಾಯಿತು.

ಆ ಹೊತ್ತಿಗೆ ಈ ಸೀಮೆಯ ಹಳ್ಳಿಗಳಲ್ಲಿ ಜನ ಎಲ್ಲಿ ಕೂಡುತ್ತಿದ್ದರು? ಗೌಡರ, ಮಾಲಿ ಪಾಟೀಲರ, ಪೊಲೀಸ್ ಪಾಟೀಲರ ವಾಡೆಯ ಪಡಸಾಲಿಯಲ್ಲಿ ಜಮಖಾನ ಹಾಸಿ, ಗಾದಿ ಹಾಕಿ, ಗೋಡೆಗೆ ಲೋಡು ಆನಿಸುತ್ತಿದ್ದರು. ಗೌಡ ಗಾದಿಯ ಮೇಲೆ, ಕುಲಕರ್ಣಿ ದಫ್ತರ ಹರವಿಕೊಂಡು ಪಕ್ಕದಲ್ಲಿ, ಉಳಿದ ರೈತರು ಕಟ್ಟಿಯ ಕೆಳಗೆ ಕಂಬಳಿಯ ಮೇಲೆ. ಊರ ಹೊರಗಿನ ಕೇರಿಯವರಿಗೆ ಅಂಗಳವೇ ಗತಿ, ಅದೂ ನಿಂತುಕೊಂಡು. ಮನೆಯೊಳಗಿನ ಮರದ ಕೆತ್ತನೆಯೆಲ್ಲ ಬಾಗಿಲುವಾಡಕ್ಕೆ, ಕಂಬದ ಬೋದಿಗೆಗೆ, ತೊಟ್ಟಿಲಿಗೆ ಮೀಸಲು. ಕೂಡಲಿಕ್ಕೆ ಕೆತ್ತನೆ ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಆದರೆ ಬಂಗಾರದ ಆಸನ ಈ ನೆಲಕ್ಕೆ ಹೊಸದಲ್ಲ. ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದಾಗ ಎರಡನೆಯ ಸುಲ್ತಾನ ಮೊದಲನೆಯ ಮಹಮ್ಮದ್ ಶಾಹನಿಗೆ ತೆಲಂಗಾಣದ ದೊರೆಯಿಂದ ಒಂದು ಸಿಂಹಾಸನ ಬಂತು. ಇತಿಹಾಸಕಾರ ಫೆರಿಶ್ತಾ ಅದನ್ನು ವಿವರವಾಗಿ ಬಣ್ಣಿಸಿದ್ದಾನೆ: ಕರಿಮರದ್ದು, ಮೇಲೆ ಬಂಗಾರದ ತಗಡು, ಅದರ ಮೇಲೆ ರತ್ನಗಳು, ಆಕಾಶನೀಲಿ ಬಣ್ಣದ ಮೀನಾಕಾರಿ. ತಖ್ತ್-ಎ-ಫಿರೋಜಾ ಎಂದು ಅದರ ಹೆಸರು. ಒಬ್ಬೊಬ್ಬ ಸುಲ್ತಾನನೂ ತನ್ನ ಪಾಲಿನ ರತ್ನ ಕೂಡಿಸುತ್ತ ಹೋದ. ರಾಜ್ಯ ಕುಸಿಯುವ ಹೊತ್ತಿಗೆ, ಮಹಮೂದ್ ಶಾಹನ ಕಾಲದಲ್ಲಿ, ಅದನ್ನು ಒಡೆದು ರತ್ನಗಳನ್ನು ಹೂಜಿ ಬಟ್ಟಲುಗಳಿಗೆ ಬಳಸಿದರಂತೆ. ಆಳಂದದ ಆಚೆ ಇರುವ ಕಲ್ಯಾಣದಲ್ಲಿ ಅದಕ್ಕೂ ಎರಡು ಶತಮಾನ ಮೊದಲು ಶರಣರು ಶೂನ್ಯ ಸಿಂಹಾಸನವನ್ನು ಸ್ಥಾಪಿಸಿ ಅಲ್ಲಮನನ್ನು ಅದರಲ್ಲಿ ಕೂರಿಸಿದ್ದರು. ರತ್ನದ ಸಿಂಹಾಸನದ ಒಂದು ಚೂರೂ ಇಂದು ಇಲ್ಲ. ಶೂನ್ಯ ಸಿಂಹಾಸನದ ಮಾತು ಇಂದಿಗೂ ಈ ಸೀಮೆಯ ಮಠಗಳಲ್ಲಿ ನಡೆಯುತ್ತದೆ.

ಈಗ ಪ್ಯಾರಿಸಿಗೆ ಹೋಗಬೇಕು. 1715ರ ಸೆಪ್ಟೆಂಬರ್ 1ರಂದು ಹದಿನಾಲ್ಕನೆಯ ಲೂಯಿ ಸತ್ತ. ಐದು ವರ್ಷದ ಮರಿಮಗ ಹದಿನೈದನೆಯ ಲೂಯಿಯಾಗಿ ಪಟ್ಟಕ್ಕೆ ಬಂದ. ಅಲ್ಲಿಯೂ ಕೂಸು ದೊರೆ, ಅಲ್ಲಿಯೂ ಹಿರಿಯರ ಆಡಳಿತ. ಆಸ್ಥಾನ ವರ್ಸೇಲ್ಸ್ ಬಿಟ್ಟು ಪ್ಯಾರಿಸಿಗೆ ಬಂತು. ಮುದಿ ದೊರೆಯ ಕಾಲದ ಭಾರಿ ಸಭಾಂಗಣಗಳು ಯಾರಿಗೂ ಬೇಡವಾದವು. ಚಿಕ್ಕ ಕೋಣೆ, ನಾಲ್ಕು ಜನರ ಮಾತುಕತೆ, ಹೆಂಗಸರೇ ಮುಂದಾಗಿ ನಡೆಸುವ ಕೂಟಗಳು ಬಂದವು. ಕುರ್ಚಿ ಅದಕ್ಕೆ ತಕ್ಕಂತೆ ಬದಲಾಯಿತು. ನೆಟ್ಟನೆಯ ಕಾಲುಗಳು ಬಾಗಿ ಮೇಕೆಯ ಹಿಂಗಾಲಿನಂತಾದವು, ಕಾಲಿಗೂ ಕಾಲಿಗೂ ನಡುವೆ ಬಿಗಿದಿದ್ದ ಅಡ್ಡಪಟ್ಟಿಗಳು ಹೋದವು. ಹೆಂಗಸರ ಅಗಲವಾದ ಲಂಗಗಳಿಗೆ ಜಾಗ ಬೇಕೆಂದು ಕೈಯ ಆಸರೆಗಳನ್ನು ಮುಂಗಾಲಿನಿಂದ ಹಿಂದಕ್ಕೆ ಸರಿಸಿದರು. ಚಿಪ್ಪು, ಎಲೆ, ಹೂಬಳ್ಳಿ, ನೀರಿನ ತೆರೆಯಂಥ ಸುರುಳಿಗಳು ಚೌಕಟ್ಟಿನ ಮೇಲೆಲ್ಲ ಹರಿದವು. ಎಡಕ್ಕಿದ್ದದ್ದು ಬಲಕ್ಕೂ ಇರಲೇಬೇಕೆಂಬ ಹಳೆಯ ಶಿಸ್ತನ್ನು ಬಿಟ್ಟುಕೊಟ್ಟದ್ದೇ ಈ ಶೈಲಿಯ ಧೈರ್ಯ. ಮರ ಎಂಬುದು ಮರೆತುಹೋಗುವಂತೆ ಕೆತ್ತಿದರು.

ಇಂಥ ಒಂದು ಕುರ್ಚಿಗೆ ನಾಲ್ಕು ಕಸುಬಿನವರು ಬೇಕಿತ್ತು. ಬೀಚ್ ಅಥವಾ ಅಕ್ರೋಟದ ಮರದಲ್ಲಿ ಚೌಕಟ್ಟು ಕೂಡಿಸುವವನು ಬಡಗಿ. ಅವನ ಕೈಯಿಂದ ಕೆತ್ತನೆಗಾರನಿಗೆ, ಅಲ್ಲಿಂದ ಬಂಗಾರ ಕೂರಿಸುವವನಿಗೆ, ಕೊನೆಗೆ ಗಾದಿ ಹೊಲೆಯುವವನಿಗೆ. ಒಬ್ಬನ ಕೆಲಸಕ್ಕೆ ಇನ್ನೊಬ್ಬ ಕೈ ಹಾಕದಂತೆ ಪ್ಯಾರಿಸಿನ ಕಸುಬುದಾರರ ಸಂಘಗಳು ಕಟ್ಟಳೆ ಮಾಡಿದ್ದವು. ಶತಮಾನದ ನಡುವಿನಿಂದ ಬಡಗಿ ತನ್ನ ಹೆಸರನ್ನು ಮರಕ್ಕೆ ಮುದ್ರೆ ಒತ್ತಬೇಕೆಂಬ ನಿಯಮವೂ ಬಂತು. ತಿಲಿಯಾರ್, ಎರ್ತೊ, ದೆಲಾನ್ವಾ ಮುಂತಾದವರ ಹೆಸರು ಇಂದಿಗೂ ಉಳಿದಿರುವುದು ಆ ಮುದ್ರೆಯಿಂದಲೇ.

ನಾಲ್ಕರಲ್ಲಿ ಅತಿ ನಾಜೂಕಿನದು ಬಂಗಾರದ ಕೆಲಸ. ಅದನ್ನು ಬಣ್ಣ ಬಳಿದಂತೆ ಬಳಿಯುವುದಿಲ್ಲ. ಮೊದಲು ಸುಣ್ಣದ ಕಲ್ಲಿನ ನುಣ್ಣನೆಯ ಪುಡಿಯನ್ನು ಮೊಲದ ಚರ್ಮ ಕುದಿಸಿ ತೆಗೆದ ಅಂಟಿನಲ್ಲಿ ಕಲಸಿ, ಬೆಚ್ಚಗಿರುವಾಗಲೇ ಮರಕ್ಕೆ ಪದರ ಪದರವಾಗಿ ಹಚ್ಚುತ್ತಾರೆ. ಒಂದು ಒಣಗಿದ ಮೇಲೆ ಇನ್ನೊಂದು, ಹತ್ತು ಹನ್ನೆರಡು ಪದರವಾಗುವವರೆಗೆ. ಇಷ್ಟು ಹಚ್ಚಿದರೆ ಮರದ ಕೆತ್ತನೆಯ ಚೂಪೆಲ್ಲ ಮುಚ್ಚಿಹೋಗುತ್ತದೆ. ಆಗ ಸಣ್ಣ ಕೊಕ್ಕೆ ಉಳಿಗಳನ್ನು ಹಿಡಿದು ಆ ಬಿಳಿ ಲೇಪದಲ್ಲೇ ಎಲೆಯ ನರ, ಹೂವಿನ ದಳ, ಚಿಪ್ಪಿನ ಗೀರುಗಳನ್ನು ಮತ್ತೆ ಕೆತ್ತಬೇಕು. ನಮ್ಮ ಕಣ್ಣಿಗೆ ಬೀಳುವ ಕೆತ್ತನೆ ಬಹುಪಾಲು ಈ ಲೇಪದ್ದು. ಅದರ ಮೇಲೆ ಕೆಂಪು ಜೇಡಿಮಣ್ಣಿನ ತೆಳು ಪದರ. ಮಣ್ಣನ್ನು ನೀರಿನಿಂದ ಒದ್ದೆ ಮಾಡಿ, ಉಸಿರು ತಾಕಿದರೆ ಹಾರುವ ಬಂಗಾರದ ಹಾಳೆಯನ್ನು ಅಳಿಲಿನ ಕೂದಲ ಕುಂಚದಲ್ಲಿ ಎತ್ತಿ ಅದರ ಮೇಲೆ ಇಳಿಸುತ್ತಾರೆ. ಒಣಗುವ ಹದ ನೋಡಿ ನುಣುಪಾದ ಅಕೀಕ್ ಕಲ್ಲಿನಿಂದ ಉಜ್ಜುತ್ತಾರೆ. ಉಬ್ಬಿದ ಜಾಗ ಮಿಂಚಬೇಕು, ತಗ್ಗಿನ ಜಾಗ ಮಂದವಾಗಿರಬೇಕು. ಮೇಣದ ಬತ್ತಿಯ ಬೆಳಕಿನಲ್ಲಿ ಕುರ್ಚಿ ಜೀವ ತಳೆಯುವುದು ಈ ಬೆಳಕು ನೆರಳಿನಿಂದ.

1760ರ ಹೊತ್ತಿಗೆ ಪ್ಯಾರಿಸಿಗೆ ಈ ಸುರುಳಿಗಳು ಸಾಕಾದವು, ಗ್ರೀಕರ ನೇರ ಗೆರೆ ಬಂತು. ಕ್ರಾಂತಿಯ ಸರ್ಕಾರ 1793 ಮತ್ತು 94ರಲ್ಲಿ ವರ್ಸೇಲ್ಸಿನ ಸಾಮಾನನ್ನೆಲ್ಲ ಹರಾಜು ಹಾಕಿತು, ಅದು 17 ಸಾವಿರಕ್ಕೂ ಹೆಚ್ಚು ಬಾಬುಗಳಾಗಿ ಚದುರಿಹೋಯಿತು. ಕೊಂಡವರಲ್ಲಿ ಇಂಗ್ಲಿಷರು ಬಹಳ ಜನ. ಹಳೆಯ ಫ್ರೆಂಚ್ ಕುರ್ಚಿಯ ಮೋಹ ಲಂಡನ್ನಿನಲ್ಲಿ ಮತ್ತೆ ಚಿಗುರಿ, ಹತ್ತೊಂಬತ್ತನೆಯ ಶತಮಾನದ ನಡುವೆ ಅದರ ನಕಲು ಕಾರ್ಖಾನೆಯ ಕೆಲಸವೇ ಆಯಿತು. ವೃತ್ತಾಕಾರದ ಗರಗಸ ಬಂದಿತ್ತು, ಕೆತ್ತನೆ ಮಾಡುವ ಯಂತ್ರ ಬಂದಿತ್ತು. ಭಾರತದ ಸಂಸ್ಥಾನಗಳಿಗೆ ಬಂದ ಬಂಗಾರದ ಕುರ್ಚಿಗಳಲ್ಲಿ ಹೆಚ್ಚಿನವು ಈ ಎರಡನೆಯ ಹುಟ್ಟಿನವು. ಅದರಿಂದ ಅವು ಕೀಳಾಗುವುದಿಲ್ಲ. ಒಳ್ಳೆಯ ಕೈ ಕೆಲಸ ಮಾಡಿದ ಕಡೆ ಅವೂ ಒಳ್ಳೆಯವೇ.

ಮುಂಬಯಿ ಬಂದರಿನಲ್ಲಿ ಇಳಿದ ಪೆಟ್ಟಿಗೆಗಳು ಹೈದರಾಬಾದಿಗೆ ಹೋದ ದಾರಿ ನಮ್ಮದೇ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ ಸೊಲ್ಲಾಪುರ ದಾಟಿ, ಕಲಬುರಗಿಯ ಮೇಲಿಂದ 1871ರಲ್ಲಿ ರಾಯಚೂರು ಮುಟ್ಟಿತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಶುರುವಾಯಿತು. ಆಮೇಲೆ ಹೈದರಾಬಾದಿನ ಅರಮನೆಗಳಿಗೆ ಮುಂಬಯಿಯಿಂದ ಬಂದ ಕನ್ನಡಿ, ದೀಪದ ಗೊಂಚಲು, ಕುರ್ಚಿಗಳೆಲ್ಲ ಅಕ್ಕಲಕೋಟ ರೋಡ್, ದುಧನಿ, ಗಾಣಗಾಪುರ ರೋಡ್, ಕಲಬುರಗಿ, ಶಹಾಬಾದ್ ಮೇಲೆ ಹಾಯ್ದು ವಾಡಿಯಲ್ಲಿ ಹೊರಳಿದವು. ಗಾಣಗಾಪುರ ರೋಡಿನಲ್ಲಿ ದತ್ತನ ಭಕ್ತರು ಇಳಿದು ಎತ್ತಿನ ಗಾಡಿ ಹಿಡಿಯುತ್ತಿದ್ದರು. ಅದೇ ಹಳಿಯ ಮೇಲೆ ಹುಲ್ಲು ತುಂಬಿದ ಕಟ್ಟಿಗೆಯ ಪೆಟ್ಟಿಗೆಗಳಲ್ಲಿ ಲೂಯಿ ದೊರೆಗಳ ಶೈಲಿಯ ಕುರ್ಚಿಗಳು ಹಾಯ್ದು ಹೋಗುತ್ತಿದ್ದವು.

ಆ ಹಳಿ ಬಂದು ಐದು ವರ್ಷಕ್ಕೆ ಬರ ಬಂತು. 1876ರಿಂದ 78ರವರೆಗಿನ ಬರ, ಹಳಬರು ಧಾತು ಸಂವತ್ಸರ, ಈಶ್ವರ ಸಂವತ್ಸರದ ಬರ ಎಂದು ಕರೆದದ್ದು, ದಖನ್ನನ್ನೆಲ್ಲ ಸುಟ್ಟಿತು. ಕಲಬುರಗಿ, ರಾಯಚೂರು, ಸುರಪುರದ ಸೀಮೆ ಅದರ ಬಾಯಿಗೆ ಸಿಕ್ಕಿತು. ಹಿಂಗಾರಿ ಜೋಳ ನಂಬಿದ ಎರೆಭೂಮಿಯ ಹಳ್ಳಿಗಳಲ್ಲಿ ಒಂದು ಮಳೆ ತಪ್ಪಿದರೂ ವರ್ಷದ ಅನ್ನ ತಪ್ಪಿದಂತೆ. ಆ ನೆನಪಿನ್ನೂ ಹಸಿಯಿರುವಾಗಲೇ ಹೈದರಾಬಾದಿನಲ್ಲಿ ಎರಡು ಸಮಾರಂಭಗಳು ಒಂದರ ಹಿಂದೆ ಒಂದು ನಡೆದವು. 1884ರ ಫೆಬ್ರವರಿ 5ರಂದು ವೈಸ್‌ರಾಯ್ ರಿಪನ್ನರು ಬಂದು, ಹದಿನೆಂಟು ತುಂಬುತ್ತ ಬಂದಿದ್ದ ಮಹಬೂಬ್ ಅಲಿ ಖಾನರಿಗೆ ಪೂರ್ಣ ಅಧಿಕಾರ ಕೊಟ್ಟರು. ಅದಾಗಿ ತಿಂಗಳೊಳಗೆ, ಮಾರ್ಚ್ 3ರಂದು, ಪಾಯಗಾದ ಸರ್ ವಿಕಾರ್-ಉಲ್-ಉಮ್ರಾ ನಗರದ ದಕ್ಷಿಣದ ಗುಡ್ಡದ ಮೇಲೆ ಫಲಕ್‌ನುಮಾ ಅರಮನೆಗೆ ಅಡಿಗಲ್ಲು ಇಟ್ಟರು.

ಫಲಕ್‌ನುಮಾ ಕಟ್ಟಲು ಸುಮಾರು ಒಂಬತ್ತು ವರ್ಷ ಹಿಡಿಯಿತು. ಖರ್ಚು 40 ಲಕ್ಷ ರೂಪಾಯಿ ಎನ್ನುತ್ತಾರೆ. ಇಟಲಿಯ ಅಮೃತಶಿಲೆ, ಓಸ್ಲರ್ ಕಂಪನಿಯ ಗಾಜಿನ ಗೊಂಚಲು, 101 ಜನ ಒಂದೇ ಸಲ ಕೂತು ಉಣ್ಣುವ ಮೇಜು, ಅದಕ್ಕೆ ಕೆತ್ತಿದ ಬೀಟೆಯ ಕುರ್ಚಿಗಳು, ದಿವಾನಖಾನೆಗಳಲ್ಲಿ ಫ್ರೆಂಚ್ ಶೈಲಿಯ ಆಸನಗಳು. ವಿಕಾರ್-ಉಲ್-ಉಮ್ರಾ 1893ರಿಂದ ರಾಜ್ಯದ ಪ್ರಧಾನಿಯೂ ಆದರು. ಆದರೂ ಆ ಅರಮನೆಯ ಸಾಲ ಅವರಿಗೆ ತೀರಿಸಲಾಗಲಿಲ್ಲ. 1897ರಲ್ಲಿ ಅರಮನೆ ನಿಜಾಮರ ಪಾಲಾಯಿತು. ಮುಂದೆ ಅದು ವೈಸ್‌ರಾಯರಿಗೆ, ರಾಜಕುಮಾರರಿಗೆ ಅತಿಥಿಗೃಹವಾಯಿತು. 1911ರಲ್ಲಿ ಮಹಬೂಬ್ ಅಲಿ ಖಾನರು ಕೊನೆಯುಸಿರೆಳೆದದ್ದೂ ಅಲ್ಲೇ.

ಪಾಯಗಾದ ಮೂರು ಮನೆಗಳೂ ಈ ಪೈಪೋಟಿಯಲ್ಲಿದ್ದವು. ಆಸ್ಮಾನ್ ಜಾಹರಿಗೆ ಬಷೀರ್ ಬಾಗ್ ಅರಮನೆ, ಖುರ್ಷಿದ್ ಜಾಹರಿಗೆ ಹುಸೇನಿ ಆಲಂನ ಎತ್ತರದ ಕಂಬಗಳ ದೇವಡಿ. ಒಳಗಿನ ಕೋಣೆಗಳು ಹೇಗಿದ್ದವು ಎಂದು ನಮಗೆ ಇಂದು ತಿಳಿಯುವುದು ಲಾಲಾ ದೀನ್ ದಯಾಳರ ಫೋಟೋಗಳಿಂದ. ನಿಜಾಮರ ಆಸ್ಥಾನದ ಛಾಯಾಗ್ರಾಹಕರಾಗಿದ್ದ ಅವರು ಬಷೀರ್ ಬಾಗ್, ಫಲಕ್‌ನುಮಾದ ಒಳಾಂಗಣಗಳನ್ನು ದೊಡ್ಡ ಗಾಜಿನ ಫಲಕಗಳ ಮೇಲೆ ಹಿಡಿದಿಟ್ಟರು. ಆ ಚಿತ್ರಗಳಲ್ಲಿ ಎದ್ದು ಕಾಣುವುದು ಸಾಮಾನಿನ ದಟ್ಟಣೆ. ಕುರ್ಚಿಯ ಹಿಂದೆ ಕುರ್ಚಿ, ಕನ್ನಡಿಯ ಎದುರು ಕನ್ನಡಿ, ಕೂತ ಮನುಷ್ಯ ಮಾತ್ರ ಅಪರೂಪ. ಪ್ಯಾರಿಸಿನಲ್ಲಿ ನಾಲ್ಕು ಜನರ ಹರಟೆಗೆ ಹುಟ್ಟಿದ ಕುರ್ಚಿ ಇಲ್ಲಿ ಸಾಲುಗಟ್ಟಿ ನಿಂತು ಸಾಹೇಬರ ಬರುವಿಕೆಯನ್ನು ಕಾಯುತ್ತಿತ್ತು. ಈ ಖರ್ಚಿನ ಒಂದು ಪಾಲೂ ಆಳಂದಕ್ಕೋ ಅಫಜಲಪುರಕ್ಕೋ ಕೆರೆಯಾಗಿ, ಶಾಲೆಯಾಗಿ, ದವಾಖಾನೆಯಾಗಿ ಮರಳಲಿಲ್ಲ ಎಂದು ಹೇಳಿದರೆ ಅತಿಯಾದೀತು. ಆದರೆ ಜಾಗೀರುಗಳು ದಿವಾನಿ ತಾಲ್ಲೂಕುಗಳಿಗಿಂತ ಹಿಂದುಳಿದಿದ್ದವು ಎಂಬುದನ್ನು ಹೈದರಾಬಾದಿನ ಇತಿಹಾಸ ಬರೆದವರು ಮತ್ತೆ ಮತ್ತೆ ಹೇಳಿದ್ದಾರೆ. ಒಡೆಯರು ದೂರದಲ್ಲಿದ್ದರು, ಅವರ ಕಂದಾಯದ ಕಚೇರಿ ಮಾತ್ರ ಹತ್ತಿರದಲ್ಲಿತ್ತು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಮರಕ್ಕೆ ಲೇಪ ಹಚ್ಚಿ, ಅದರಲ್ಲಿ ಉಬ್ಬು ಕುಸುರಿ ತೆಗೆದು, ಬಂಗಾರದ ಹೊಳಪು ಕೊಡುವ ಕಸುಬಿಗಾಗಿ ಯುರೋಪಿಗೆ ಹೋಗಬೇಕಿರಲಿಲ್ಲ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಚಿತ್ರಗಾರರು ಅದನ್ನು ತಲೆಮಾರುಗಳಿಂದ ಮಾಡುತ್ತಿದ್ದರು. ಸೆಣಬಿನ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಕಟ್ಟಿಗೆಯ ಹೊಟ್ಟು ಮತ್ತು ಹುಣಸೆಬೀಜದ ಅಂಟಿನಲ್ಲಿ ಕಲಸಿದರೆ ಕಿಟ್ಟ. ಅದನ್ನು ಹಗುರ ಮರದ ಮೂರ್ತಿಗೆ ಹಚ್ಚಿ, ಮೇಲೆ ಬಟ್ಟೆಯ ಚೂರು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ದೇವರ ಒಡವೆ, ಕಿರೀಟ, ಸೀರೆಯ ಅಂಚುಗಳನ್ನು ಆ ಲೇಪದಲ್ಲೇ ಉಬ್ಬಿಸಿ ಎತ್ತುತ್ತಾರೆ. ಸುಣ್ಣದ ಕಲ್ಲಿನ ಬದಲು ಹೊಳೆಯ ಕಲ್ಲು, ಮೊಲದ ಚರ್ಮದ ಬದಲು ಹುಣಸೆಬೀಜ. ಉಪಾಯ ಒಂದೇ. ಭೀಮೆ ಕೃಷ್ಣೆಯರ ನಡುವಿನ ಸುರಪುರದಲ್ಲಿಯೂ ಉಬ್ಬು ಲೇಪಕ್ಕೆ ಬಂಗಾರದ ಹಾಳೆ ಕೂರಿಸಿ ಚಿತ್ರ ಬರೆಯುವ ಕಲಾವಿದರಿದ್ದರು. ಹೈದರಾಬಾದಿನ ಚಾರ್ಮಿನಾರಿನ ಸುತ್ತ ಬೆಳ್ಳಿ ಬಂಗಾರವನ್ನು ಬಡಿದು ವರ್ಕ್ ಎಂಬ ತೆಳು ಹಾಳೆ ಮಾಡುವವರ ಸುತ್ತಿಗೆಯ ಸದ್ದು ದಿನವೂ ಕೇಳುತ್ತಿತ್ತು.

ಕೊಪ್ಪಳ ಆಗ ಯಾರ ಜಾಗೀರು? ಸಾಲಾರ್ ಜಂಗರದ್ದು. ಯುರೋಪಿನ ಕಲಾವಸ್ತುಗಳ ಮೋಹ ಹೈದರಾಬಾದಿನಲ್ಲಿ ಯಾರಿಗಿಂತ ಹೆಚ್ಚಾಗಿ ಇದ್ದದ್ದು ಅದೇ ಮನೆಯಲ್ಲಿ. ಮೊದಲನೆಯ ಸಾಲಾರ್ ಜಂಗ್ 1876ರಲ್ಲಿ ರೋಮಿನಲ್ಲಿ ಮುಸುಕಿನ ರೆಬೆಕ್ಕಾ ಶಿಲ್ಪವನ್ನು ಕೊಂಡು ತಂದರು. ಮೊಮ್ಮಗ ಮೂರನೆಯ ಸಾಲಾರ್ ಜಂಗ್ ಬದುಕಿನುದ್ದಕ್ಕೂ ಕೊಂಡದ್ದೇ ಕೊಂಡದ್ದು. ಅವರ ಸಂಗ್ರಹವೇ 1951ರ ಡಿಸೆಂಬರ್ 16ರಂದು ಜವಾಹರಲಾಲ್ ನೆಹರೂ ಉದ್ಘಾಟಿಸಿದ ಸಾಲಾರ್ ಜಂಗ್ ಮ್ಯೂಸಿಯಂ. ಹದಿನೈದನೆಯ, ಹದಿನಾರನೆಯ ಲೂಯಿಯ ಶೈಲಿಯ ಫ್ರೆಂಚ್ ಸಾಮಾನು ಅಲ್ಲಿ ಕೋಣೆ ತುಂಬ ಇದೆ. ಸ್ವಂತ ಜಾಗೀರಿನ ಹಳ್ಳಿಯೊಂದರಲ್ಲಿ ಇಂಥ ಕೈಗಳಿರುವಾಗ ಅವರಿಗೊಂದು ಕುರ್ಚಿಯ ಕೆಲಸ ಕೊಟ್ಟಿದ್ದರೆ ದಖನ್ನಿನದೇ ಆದ ಒಂದು ಬಂಗಾರದ ಕುರ್ಚಿ ಹುಟ್ಟುತ್ತಿತ್ತು. ಕಲೆಯನ್ನು ಪ್ರೀತಿಸಿದ ಮನೆ ಅದು, ಅದರಲ್ಲಿ ಸಂದೇಹವಿಲ್ಲ. ಆದರೆ ಕಣ್ಣು ಸಮುದ್ರದಾಚೆಗೇ ನೆಟ್ಟಿತ್ತು.

ಅದೇ ಮ್ಯೂಸಿಯಮ್ಮಿನಲ್ಲಿ ಕನ್ನಡಿಗರು ನಿಂತು ನೋಡಲೇಬೇಕಾದ ದಂತದ ಕುರ್ಚಿಗಳಿವೆ. ಫ್ರಾನ್ಸಿನ ಹದಿನಾರನೆಯ ಲೂಯಿ ಟಿಪ್ಪು ಸುಲ್ತಾನನಿಗೆ ಕೊಟ್ಟ ಉಡುಗೊರೆ ಎಂದು ಅವುಗಳ ಬಗ್ಗೆ ಹೇಳುತ್ತ ಬಂದಿದ್ದಾರೆ. ಟಿಪ್ಪುವಿನ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೇಲ್ಸಿನಲ್ಲಿ ಲೂಯಿಯನ್ನು ಕಂಡದ್ದು ನಿಜ, ಸೇವ್ರ್ ಪಿಂಗಾಣಿಯ ಉಡುಗೊರೆ ಪಡೆದದ್ದೂ ನಿಜ. ಟಿಪ್ಪು ಫ್ರಾನ್ಸಿನಿಂದ ಕೇಳಿದ್ದರಲ್ಲಿ ಕಸುಬುದಾರರೂ ಇದ್ದರು. ಸಾಮಾನು ತರಿಸುವ ದೊರೆಗೂ ಸಾಮಾನು ಮಾಡುವವರನ್ನು ತರಿಸುವ ದೊರೆಗೂ ಇರುವ ಅಂತರ ದೊಡ್ಡದು. ಪಾಯಗಾದ ಅರಮನೆಗಳನ್ನು ನೆನೆದಾಗಲೆಲ್ಲ ಈ ಮಾತು ನನಗೆ ನೆನಪಾಗುತ್ತದೆ.

1948ರ ಸೆಪ್ಟೆಂಬರ್ 17ರಂದು ಹೈದರಾಬಾದು ಭಾರತ ಸೇರಿತು. 1949ರ ಆಗಸ್ಟ್ 15ಕ್ಕೆ ಜಾಗೀರು ರದ್ದತಿಯ ಕಾನೂನು ಜಾರಿಗೆ ಬಂತು. ಪಾಯಗಾವೂ ಅದರಲ್ಲಿ ಸೇರಿತ್ತು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹೈದರಾಬಾದಿನ ದೇವಡಿಗಳಿಗೆ ಹರಿದ ಕಂದಾಯ ನಿಂತಿತು. ಆಳಂದ, ಅಫಜಲಪುರಗಳು ಉಳಿದವುಗಳಂತೆ ಸರ್ಕಾರಿ ತಾಲ್ಲೂಕುಗಳಾದವು, 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಬಂದವು. ಅತ್ತ ದೇವಡಿಗಳಲ್ಲಿ ಆದಾಯ ನಿಂತ ಮೇಲೆ ಸಾಮಾನು ಹೊರಬಿತ್ತು. ಮೊದಲು ಗೊಂಚಲು, ಆಮೇಲೆ ಕನ್ನಡಿ, ಆಮೇಲೆ ಕುರ್ಚಿ. ಹಳೆಯ ಸಾಮಾನಿನ ವ್ಯಾಪಾರಿಗಳು ಅವನ್ನು ಮುಂಬಯಿಗೆ, ದೆಹಲಿಗೆ ಸಾಗಿಸಿದರು. ಬಷೀರ್ ಬಾಗ್ ಅರಮನೆಯನ್ನು ಕೆಡವಿದರು, ಈಗ ಅದು ಬಡಾವಣೆಯೊಂದರ ಹೆಸರು ಮಾತ್ರ. ಖುರ್ಷಿದ್ ಜಾಹ್ ದೇವಡಿ ಬರಿಗೋಡೆಯಾಗಿ ನಿಂತಿತು. ಅರ್ಧ ಶತಮಾನ ಬೀಗ ಬಿದ್ದಿದ್ದ ಫಲಕ್‌ನುಮಾ ಮಾತ್ರ ದೀರ್ಘ ದುರಸ್ತಿಯ ಬಳಿಕ 2010ರಲ್ಲಿ ಹೋಟೆಲಾಗಿ ತೆರೆಯಿತು.

ಕುರ್ಚಿಯ ಆಸೆ ಮಾತ್ರ ಅರಮನೆಯೊಂದಿಗೆ ಹೋಗಲಿಲ್ಲ. ಅದು ಫೋಟೋ ಸ್ಟುಡಿಯೋಗೆ ಇಳಿಯಿತು, ಅಲ್ಲಿಂದ ಮದುವೆಯ ವೇದಿಕೆಗೆ ಬಂತು. ಇಂದು ಆಳಂದದಲ್ಲಾಗಲಿ ಜೇವರ್ಗಿಯಲ್ಲಾಗಲಿ ಯಾವುದೇ ಕಲ್ಯಾಣ ಮಂಟಪಕ್ಕೆ ಹೋದರೂ ನಡುವೇದಿಕೆಯಲ್ಲಿ ಮದುಮಕ್ಕಳ ಜೋಡಿ ಕುರ್ಚಿ ಇರುತ್ತದೆ: ಬಾಗಿದ ಕಾಲು, ಬೆನ್ನಿನ ತುದಿಗೆ ಚಿಪ್ಪು, ಎರಡು ಬದಿಗೆ ಸುರುಳಿ ಬಳ್ಳಿ, ಕೆಂಪು ಮಖಮಲ್ಲು, ಮೈತುಂಬ ಬಂಗಾರದ ಬಣ್ಣ. ಹದಿನೈದನೆಯ ಲೂಯಿಯ ಪ್ಯಾರಿಸಿನ ವಂಶ ಅದು, ಶಾಮಿಯಾನದ ಅಂಗಡಿಯಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ. ರೈತನ ಮಗಳು, ಕೂಲಿಯವನ ಮಗ, ಯಾರು ಬೇಕಾದರೂ ಅದರಲ್ಲಿ ಕೂತು ಅಕ್ಷತೆ ಹಾಕಿಸಿಕೊಳ್ಳುತ್ತಾರೆ. ಅಂಗಳದಲ್ಲಿ ನಿಲ್ಲಬೇಕಾಗಿದ್ದವರ ಮೊಮ್ಮಕ್ಕಳೂ ಕೂಡುತ್ತಾರೆ. ಇದನ್ನು ಅಗ್ಗದ ನಕಲು ಎಂದು ಜರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಕೂಡುವವರ ಮುತ್ತಜ್ಜಂದಿರ ಕಂದಾಯದಿಂದ ಬಂದ ಕುರ್ಚಿ ಅದು. ಬೇಗ ಬರಬೇಕಿತ್ತು, ತಡವಾಗಿಯಾದರೂ ಬಂತು.

ಕೊನೆಗೆ ಒಂದು ಕೋರಿಕೆ. ಕಲಬುರಗಿ ಸೀಮೆಯ ಹಳೆಯ ವಾಡೆಗಳಲ್ಲಿ, ದೇಸಾಯಿ, ದೇಶಮುಖ, ಪಾಟೀಲರ ಮನೆಗಳಲ್ಲಿ ಇಂಥ ಒಂದು ಹಳೆಯ ಕುರ್ಚಿ ಮೂಲೆ ಹಿಡಿದಿದ್ದರೆ ದಯವಿಟ್ಟು ಅದನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ನೀರಿನಿಂದ ಕೂರಿಸಿದ ಬಂಗಾರ ನೀರಿಗೇ ಎದ್ದುಹೋಗುತ್ತದೆ. ನಮ್ಮ ಕಡೆಯ ಬೇಸಿಗೆಗೆ ಮರ ಕುಗ್ಗಿ ಲೇಪ ಹೊಪ್ಪಳಿಕೆಯಾಗಿ ಏಳುವುದು ಸಹಜ, ಬಿಸಿಲಿಗೆ ಇಡಬೇಡಿ. ಅಂಗಡಿಯ ಬಂಗಾರದ ಪೇಂಟು ಬಳಿಯಬೇಡಿ, ಅದು ಕೆಲವೇ ವರ್ಷದಲ್ಲಿ ಕಂದಾಗುತ್ತದೆ, ಕೆಳಗಿನದನ್ನೂ ಕೆಡಿಸುತ್ತದೆ. ಕುರ್ಚಿಯನ್ನು ತಿರುವಿ ತಳ ನೋಡಿ: ಸವೆದ ಅಂಚಿನಲ್ಲಿ ಬಂಗಾರದ ಕೆಳಗೆ ಕೆಂಪು ಮಣ್ಣು ಕಂಡರೆ ಹಾಳೆ ಕೂರಿಸಿದ ಕೆಲಸ, ಚೌಕಟ್ಟಿನ ಒಳಮೈಯಲ್ಲಿ ಕಮಾನಿನಂಥ ಗೀರುಗಳಿದ್ದರೆ ಹತ್ತೊಂಬತ್ತನೆಯ ಶತಮಾನದ ಯಂತ್ರದ ಗರಗಸ, ಎಲ್ಲಾದರೂ ಹೆಸರಿನ ಮುದ್ರೆ ಇದ್ದರೆ ಅದರ ಫೋಟೋ ತೆಗೆದಿಡಿ. ಮಾರುವ ಮುನ್ನ ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದವರಿಗೆ ಒಮ್ಮೆ ತೋರಿಸಿ. ಕುರ್ಚಿಗಿಂತ ಮುಖ್ಯವಾಗಿ, ಅದೇ ಮನೆಯ ಅಟ್ಟದಲ್ಲಿ ಉರ್ದು, ಮೋಡಿ ಲಿಪಿ, ಕನ್ನಡದಲ್ಲಿರುವ ಪಾಯಗಾ ಕಾಲದ ಕಂದಾಯದ ಪಾವತಿಗಳು, ಪಹಣಿಗಳು, ಕುಲಕರ್ಣಿ ದಫ್ತರಗಳು ಇದ್ದರೆ ಅವನ್ನು ರದ್ದಿಗೆ ಹಾಕದೆ ರಾಜ್ಯ ಪತ್ರಾಗಾರ ಇಲಾಖೆಗೆ ಒಪ್ಪಿಸಿ. ಆ ಕುರ್ಚಿಗಳಿಗೆ ಹಣ ತೆತ್ತವರ ಹೆಸರುಗಳು ಇರುವುದು ಆ ಕಾಗದಗಳಲ್ಲೇ.